ನಲವತ್ತೊಂದು ಸಲ

ಅವ್ವನನ್ನು ಮಣ್ಣು ಮಾಡಿದ ನಾಲ್ಕನೇ ದಿನ ವಿಶಾಖಾ ಶ್ರೀರಾಂಪುರದಿಂದ ಬಸ್ಸು ಹಿಡಿದು ಬಸವನಗುಡಿಯ ಸಾಫ್ಟ್‌ವೇರ್ ಆಫೀಸಿಗೆ ಬಂದಳು. ಗುತ್ತಿಗೆ ಕೆಲಸ. ಸಾವಾದರೆ ಮೂರೇ ದಿನ ರಜೆ. ದುಃಖಕ್ಕೂ ಕೊನೇ ದಿನಾಂಕ ಹಾಕಿಬಿಟ್ಟಿದ್ದಾರೆ ಪುಣ್ಯಾತ್ಮರು!

ಕೂರುವ ಮೊದಲೇ ಮ್ಯಾನೇಜರ್ ಶಶಿಕಿರಣ್ ಬಂದ. "ವಿಶಾಖಾ, ಆಸ್ಪತ್ರೆಯೋರು ಬಾಯಿ ಬಡ್ಕೊಳ್ತಿದಾರೆ. ಡಯಾಲಿಸಿಸ್ ಟೋಕನ್ ಬುಕಿಂಗು ನಿಂತು ನಿಂತು ಹೋಗ್ತಿದೆಯಂತೆ. ಮಧ್ಯಾಹ್ನದೊಳಗೆ ಕಾರಣ ಹುಡುಕು." ಅವ್ವನ ಮಾತೇ ಎತ್ತಲಿಲ್ಲ.

ಅವ್ವ ಗಂಗರತ್ನಮ್ಮನೂ ಅದೇ ಟೋಕನ್ನಿಗೆ ಕಾಯುತ್ತಿದ್ದವಳು. ಕಿಡ್ನಿ ಹೋಗಿತ್ತು. ಉಚಿತ ಕಾರ್ಡು. ವಾರಕ್ಕೆರಡು ಸಲ ಡಯಾಲಿಸಿಸ್, ಟೋಕನ್ ಮಾತ್ರ ಫೋನಿನಲ್ಲೇ. ಕಳೆದ ವಾರ ಎರಡು ಸಲವೂ ಸಿಗಲಿಲ್ಲ. ಗುರುವಾರ ಫೋನ್ ಮಾಡಿ, "ಫೋನಲ್ಲಿ ಚಕ್ರ ಸುತ್ತುತ್ಲೇ ಐತೆ ಕಣೇ, ಟೋಕನ್ ಬರ್ತಿಲ್ಲ" ಅಂದಿದ್ದಳು. ಮೀಟಿಂಗಿನಲ್ಲಿದ್ದ ಇವಳು ಪಿಸುಗುಟ್ಟಿದ್ದಳು: "ಬಿಡ್ಬೇಡವ್ವಾ, ಒತ್ತಾನೇ ಇರು." ಶನಿವಾರ ಉಸಿರು ಕಟ್ಟಿ, ಆಸ್ಪತ್ರೆ ಮುಟ್ಟುವ ಮೊದಲೇ ಆಟೋದಲ್ಲಿ ಅವ್ವ ಹೋಗಿಬಿಟ್ಟಳು.

ವಿಶಾಖಾ ಪರದೆ ತೆರೆದಳು. ಬುಕಿಂಗ್ ನಡೆಸೋದು ನಾಲ್ಕು ಸರ್ವರ್. ಬಂದವರನ್ನು ನಾಲ್ಕಕ್ಕೂ ಸಮನಾಗಿ ಹಂಚಲು ಮುಂದೊಂದು ಲೋಡ್ ಬ್ಯಾಲೆನ್ಸರ್. ನೋಡಿದರೆ ಮೂರು ಸರ್ವರ್ ನೊಣ ಹೊಡೀತಾ ಕೂತಿವೆ. ನಾಲ್ಕನೆಯದು, ಎಲ್ಲಕ್ಕಿಂತ ಹಳೆಯದು, ಏದುಸಿರು ಬಿಡುತ್ತಿದೆ. ಡೇಟಾಬೇಸ್ ನೋಡಿದಳು, ಸರಿಯಿತ್ತು. ನೆಟ್‌ವರ್ಕ್ ನೋಡಿದಳು, ಸರಿಯಿತ್ತು. ಕೊನೆಗೆ ಹಂಚುವ ನಿಯಮಗಳನ್ನೇ ತೆರೆದಳು. ಅಲ್ಲೊಂದು ಸಾಲು: ಉಚಿತ ಕಾರ್ಡಿನವರೆಲ್ಲ ನಾಲ್ಕನೆಯದಕ್ಕೆ ಮಾತ್ರ. ಬರೆದವರ ಹೆಸರು, ವಿಶಾಖಾ.

ಅಯ್ಯೋ! ಯುಗಾದಿಯ ಹಿಂದಿನ ದಿನ ಶಶಿಕಿರಣನೇ ಹೇಳಿದ್ದ: "ದುಡ್ಡು ಕೊಟ್ಟೋರು ಕಾಯ್ಬಾರ್ದು. ಎರಡೇ ದಿನ, ಆಮೇಲೆ ತೆಗೆಯೋಣ." ಹಬ್ಬ ಕಳೆದ ಮೇಲೆ ಕೇಳಿದ್ದಕ್ಕೆ, "ಇರ್ಲಿ ಬಿಡು" ಅಂದ. ಆಮೇಲೆ ಇವಳೂ ಮರೆತಳು.

ಅವ್ವನ ಕಾರ್ಡ್ ನಂಬರ್ ಹಾಕಿ ಹುಡುಕಿದಳು. ಗುರುವಾರ, ಬೆಳಿಗ್ಗೆ ಹತ್ತರಿಂದ ಹನ್ನೊಂದೂವರೆ. ಆಗಲೂ ಮೂರು ಸರ್ವರ್ ಖಾಲಿ. ನಲವತ್ತೊಂದು ಸಲ ಒತ್ತಿದ್ದಳು ಅವ್ವ. ಒಂದೊಂದು ಸಲ ಒತ್ತಿದಾಗಲೂ ಇದ್ದ ಸರದಿ ಕಳೆದು, ಸಾಲಿನ ಕೊನೆಗೆ ಹೋಗಿ ನಿಂತಿದ್ದಳು. ಮಗಳು ಹೇಳಿದ್ದಳಲ್ಲ, ಒತ್ತಾನೇ ಇರು ಅಂತ! ವಿಶಾಖಾ ಮೇಜಿಗೆ ಹಣೆಯಿಟ್ಟು ಬಿಕ್ಕಿ ಬಿಕ್ಕಿ ಅತ್ತಳು. ಪಕ್ಕದವರು ಅವ್ವನ ನೆನಪಾಗಿರಬೇಕು ಅಂದುಕೊಂಡರು.

ಕಣ್ಣೊರೆಸಿಕೊಂಡು ಶಶಿಕಿರಣನ ಹತ್ತಿರ ಹೋದಳು.

"ಸರ್, ಮೂರು ಸರ್ವರ್ ಖಾಲಿ ಬಿದ್ದಿವೆ. ಆ ನಿಯಮ ತೆಗೀತೀನಿ."

"ತೆಗೀಬೇಡ. ಹಳೇದಕ್ಕೆ ಸ್ವಲ್ಪ ಮೆಮೊರಿ ಹಾಕು. ರಿಪೋರ್ಟಲ್ಲಿ ತಾಂತ್ರಿಕ ದೋಷ ಅಂತ ಬರಿ."

"ಜನ ಸಾಯ್ತಿದಾರೆ ಸರ್. ನಮ್ಮವ್ವ ಸತ್ತಳು."

ಅವನು ಸುತ್ತ ಒಮ್ಮೆ ನೋಡಿದ. ಆಮೇಲೆ ದನಿ ತಗ್ಗಿಸಿ, "ನೋಡು, ಅಲ್ಲಿರೋ ಹೆಸರು ನಿಂದು. ಹುಷಾರು" ಅಂದ.

"ಹೌದು ಸರ್, ನಂದೇ. ಅದಕ್ಕೇ ನಾನೇ ತೆಗೀತೀನಿ."

ಬಂದು ಆ ಸಾಲು ಅಳಿಸಿದಳು. ಕಾದು ನಿಂತಿದ್ದ ಇನ್ನೂರು ಚಿಲ್ಲರೆ ಜನ ನಾಲ್ಕೂ ಸರ್ವರಿಗೆ ಹಂಚಿಹೋದರು. ಎರಡು ನಿಮಿಷಕ್ಕೆ ಸಾಲು ಕರಗಿತು. ಎರಡೇ ನಿಮಿಷ!

ಯಾವ ಬದಲಾವಣೆ ಮಾಡಿದರೂ ಕಾರಣ ಬರೆಯಬೇಕು. ಅದು ಆಸ್ಪತ್ರೆಯವರಿಗೂ ನೇರ ಹೋಗುತ್ತದೆ. "ಏಯ್, ನಿಲ್ಸು!" ಅಂತ ಶಶಿಕಿರಣ್ ಎದ್ದು ಬರುತ್ತಿದ್ದ. ವಿಶಾಖಾ ಬರೆದಳು:

"ಗಂಗರತ್ನಮ್ಮ, ಶ್ರೀರಾಂಪುರ. ನಲವತ್ತೊಂದು ಸಲ ಒತ್ತಿದರು. ಆಗ ಮೂರು ಸರ್ವರ್ ಖಾಲಿ ಇದ್ದವು. ನಿಯಮ ಬರೆಸಿದ್ದು ಶಶಿಕಿರಣ್. ಬರೆದದ್ದು ನಾನು, ಗಂಗರತ್ನಮ್ಮನ ಮಗಳು."

ಕಳಿಸುವ ಗುಂಡಿಯನ್ನು ಒಂದೇ ಸಲ ಒತ್ತಿದಳು.