ಏಳೋ, ಆರೂವರೆಯೋ

ಆ ಶನಿವಾರ ಬೆಳಗ್ಗೆ ಗಾಳಿ ಒಂದು ಎಲೆಯನ್ನೂ ಅಲ್ಲಾಡಿಸಲಿಲ್ಲ. ಆಗಸ್ಟಿನ ಕೊನೆ, ಏಳು ಗಂಟೆಗೇ ಅಂಗಿ ಬೆನ್ನಿಗೆ ಅಂಟುವಷ್ಟು ಸೆಕೆ. ಹೊಳೆಯ ಮೇಲೆ ಮಂಜು ಹಾಸಿಕೊಂಡಿತ್ತು, ಆಚೆ ದಡದ ಪೈನ್ ಮರಗಳ ತುದಿಗಳಷ್ಟೇ ಕಾಣುತ್ತಿದ್ದವು. ಎಮೆಟ್ ಪರ್ವಿಸ್ ಮನೆಯ ಮೆಟ್ಟಿಲ ಮೇಲೆ ನಿಂತು, ದಿನವೂ ಮಾಡುವಂತೆ ಟೋಪಿ ತೆಗೆದು ದೇವರಿಗೆ ಎರಡು ಮಾತು ಹೇಳಿದ. ಆಮೇಲೆ ಜೇಬು ಮುಟ್ಟಿ ನೋಡಿಕೊಂಡ. ಟಿಕೆಟ್ ಎರಡೂ ಇದ್ದವು.

ಟಲ್ಲೋಮಾ ಕಾಲೇಜಿನ ಅಮೆರಿಕನ್ ಫುಟ್‌ಬಾಲ್ ತಂಡಕ್ಕೆ ಈ ವರ್ಷದ ಮೊದಲ ಆಟ ಅಂದು ಮಧ್ಯಾಹ್ನ. ಎಂಟನೇ ಸಾಲಿನ ಆ ಎರಡು ಸೀಟು ಅಪ್ಪನ ಕಾಲದಿಂದ ಮನೆತನಕ್ಕೆ ಮೀಸಲು. ಅಪ್ಪ ತೀರಿಕೊಂಡ ಮೇಲೆ ಒಂದು ಎಮೆಟ್‌ಗೆ, ಇನ್ನೊಂದು ತಮ್ಮ ವೆಂಡೆಲ್‌ಗೆ. ಅಪ್ಪ ಚರ್ಚಿನ ಹಿರಿಯರು. ದುಡ್ಡು ಕಟ್ಟಿ ಆಡುವುದು ಪಾಪವೆಂದು ಕಲಿಸಿದ್ದರು. ಹಾಗಾಗಿ ಅಣ್ಣತಮ್ಮಂದಿರು ಪ್ರತಿ ವರ್ಷ ಮೊದಲ ಆಟಕ್ಕೆ ಹುಲ್ಲು ಕತ್ತರಿಸುವ ಕೆಲಸವನ್ನೋ, ಒಂದು ಹಂದಿತೊಡೆಯನ್ನೋ ಒಡ್ಡಿ ಬಾಜಿ ಕಟ್ಟುತ್ತಿದ್ದರು. ಒಂಬತ್ತು ವರ್ಷದ ಹಿಂದೆ ಎಮೆಟ್ ಹುರುಪು ಹೆಚ್ಚಾಗಿ ಸೀಟನ್ನೇ ಒಡ್ಡೋಣ ಎಂದ. ಗೆದ್ದ. ವೆಂಡೆಲ್ ಒಂದೇ ಒಂದು ಸಲ, “ಅಣ್ಣ, ಅದು ಹಂಗಿರಲಿಲ್ಲ,” ಎಂದ. ಎಮೆಟ್ ಕೂಗಾಡಿದ. ಅಲ್ಲಿಗೆ ಇಬ್ಬರ ನಡುವೆ ಮಾತೇ ನಿಂತಿತು. ಈ ವರ್ಷ ಈಸ್ಟರಿಗೆ ಹತ್ತು ದಿನ ಮುಂಚೆ ವೆಂಡೆಲ್ ಸತ್ತ. ಅಂತ್ಯಕ್ರಿಯೆಯ ದಿನ ಎಮೆಟ್ ಚರ್ಚಿನ ಕೊನೆಯ ಬೆಂಚಿನಲ್ಲಿ ಕೂತು ಎದ್ದು ಬಂದಿದ್ದ.

ಗೆದ್ದ ಸೀಟಿನಲ್ಲಿ ಈ ಒಂಬತ್ತು ವರ್ಷ ಅವನು ಯಾರನ್ನೂ ಕೂರಿಸಲಿಲ್ಲ. ಟೋಪಿ ಇಡುತ್ತಿದ್ದ.

ಮೊದಲ ಆಟದ ಬೆಳಗ್ಗೆ ಊರಿನ ಗಂಡಸರೆಲ್ಲ ಕ್ಲೋವಿಸ್‌ನ ಕ್ಷೌರದಂಗಡಿಗೆ ಒಮ್ಮೆ ಹೋಗಲೇಬೇಕು. ಅಲ್ಲಿ ಎಲ್ಲರೂ ತರಬೇತುದಾರರೇ.

“ಬ್ಲೆಡ್ಸೋ ಕಾಲೇಜಿನವರನ್ನ ನಮ್ ಹುಡುಗ್ರು ಇವತ್ತು ಹಿಟ್ಟು ಮಾಡ್ತಾರೆ,” ಎನ್ನುತ್ತಿದ್ದ ಅಂಚೆ ಹಂಚುವ ಲೆಮುಯೆಲ್.

“ಹೋದ್ ವರ್ಷನೂ ಇದನ್ನೇ ಅಂದೆ. ಹಿಟ್ಟಾಗಿದ್ದು ಯಾರು?” ಎಂದ ಕ್ಲೋವಿಸ್, ಕತ್ತರಿ ನಿಲ್ಲಿಸದೆ.

“ಈ ಸಲ ಚೆಂಡು ಎಸೆಯೋನು ಬೇರೆ, ಕ್ಲೋವಿಸಣ್ಣ. ಎಸೆದ ಅಂದ್ರೆ ಕೈಗೇ ತಂದು ಇಟ್ಟಂಗೆ.”

“ಯಾರ ಕೈಗೆ? ನಮ್ಮೋರ ಕೈಗಾ, ಅವರ ಕೈಗಾ?”

ಅಂಗಡಿಯೆಲ್ಲ ನಕ್ಕಿತು. ಲೆಮುಯೆಲ್ ಸೋಲೊಪ್ಪಲಿಲ್ಲ. “ಎಮೆಟಣ್ಣ, ಬಾ, ಒಂದು ಹಂದಿತೊಡೆ ಬಾಜಿ. ನಾನು ನಮ್ಮೋರ ಕಡೆ. ಏಳು ಬಿಟ್ಕೊಡ್ತೀನಿ.”

ಏಳು ಬಿಟ್ಟುಕೊಟ್ಟವನ ತಂಡ ಬರೀ ಗೆದ್ದರೆ ಸಾಲದು, ಏಳಕ್ಕಿಂತ ಹೆಚ್ಚು ಪಾಯಿಂಟಿನಲ್ಲಿ ಗೆಲ್ಲಬೇಕು. ಸರಿಯಾಗಿ ಏಳಕ್ಕೇ ನಿಂತರೆ ಅದಕ್ಕೆ ‘ಪುಶ್’ ಎನ್ನುತ್ತಾರೆ. ಯಾರೂ ಗೆಲ್ಲಲಿಲ್ಲ, ಅವರವರದು ಅವರವರಿಗೆ.

“ಅಂಕೆ ಈಗ್ಲೇ ಗಟ್ಟಿ ಮಾಡ್ಕೊಳ್ರಪ್ಪ,” ಎಂದ ಕ್ಲೋವಿಸ್. “ಕೈ ಕುಲುಕಿದಾಗ ಯಾವ ಅಂಕೆಯೋ ಅದೇ ಕೊನೆ. ಆಮೇಲೆ ರೇಡಿಯೋದವರು ಹೇಳೋ ಅಂಕೆ ಬದ್ಲಾಯ್ತು ಅನ್ನಂಗಿಲ್ಲ. ಪರ್ವಿಸ್ ಅಣ್ಣತಮ್ಮಂದಿರ ರಗಳೆ ಇನ್ನೊಂದ್ಸಲ ನನಗೆ ಬೇಡ.”

“ನಮ್ಮದೇನು ರಗಳೆ?” ಎಮೆಟ್‌ನ ದನಿ ಏರಿತು. “ಆರೂವರೆ ಬಿಟ್ಟುಕೊಟ್ಟಿದ್ದೆ. ನಮ್ಮೋರು ಏಳರಲ್ಲಿ ಗೆದ್ರು. ಬಾಜಿ ನಂದಾಯ್ತು.”

ಕತ್ತರಿಯ ಸದ್ದು ನಿಂತಿತು.

“ಎಮೆಟ್, ಆರೂವರೆ ಅಂತ ರೇಡಿಯೋದವರು ಹೇಳಿದ್ದು ಶನಿವಾರ. ನೀವಿಬ್ರೂ ಕೈ ಕುಲುಕಿದ್ದು ಬುಧವಾರ, ಇದೇ ಕುರ್ಚಿ ಹತ್ರ. ನಿನ್ನ ಕಿವಿ ಹಿಂದೆ ಇನ್ನೂ ಸೋಪಿತ್ತು. ಏಳು ಅಂದೆ ನೀನು.”

“ಇಷ್ಟು ವರ್ಷ ಬಾಯಿ ಬಿಡದೆ ಇದ್ಯಲ್ಲೋ!”

“ನೀನು ಕೇಳ್ಲಿಲ್ಲ. ಹೇಳ್ತೀನಿ ಅಂದ್ರೆ ವೆಂಡೆಲ್ ಬೇಡ ಅಂದ. ಸಾಕ್ಷಿ ಕಟ್ಕೊಂಡು ಅಣ್ಣನ ಮುಂದೆ ನಿಲ್ಲಲ್ಲ, ಅವನಿಗೇ ನೆನಪಾಗುತ್ತೆ ಬಿಡು ಅಂದ.”

ಎಮೆಟ್ ಹೊರಗೆ ಬಂದ. ಬೀದಿಯಲ್ಲಿ ಆಗಲೇ ಟಲ್ಲೋಮಾ ತಂಡದ ಕೆಂಪಂಗಿ ತೊಟ್ಟವರು ತುಂಬಿದ್ದರು. ಕ್ರೀಡಾಂಗಣದ ಪಕ್ಕದ ಬಯಲಿನಲ್ಲಿ ಮಾಂಸ ಸುಡುವ ಹೊಗೆ ಎದ್ದಿತ್ತು. ಸೋಪಿನ ತಣ್ಣನೆಯ ನೊರೆ ಕತ್ತಿನ ಮೇಲೆ ಇಳಿದದ್ದು ಅವನಿಗೆ ಈಗ ನೆನಪಾಯಿತು. ತಾನು ಏಳು ಎಂದದ್ದೂ. ಅರ್ಧ ಪಾಯಿಂಟ್ ಎಂಬುದು ಯಾವ ಮೈದಾನದಲ್ಲೂ ಇಲ್ಲ. ಎಷ್ಟು ಓಡಿದರೂ, ಎಷ್ಟು ಎಸೆದರೂ ಯಾವ ಆಟಗಾರನೂ ಅದನ್ನು ಗಳಿಸಲಾರ. ಬಾಜಿ ಸಮವಾಗದಿರಲೆಂದು ಯಾರೋ ಬಾಯಲ್ಲಿ ಹುಟ್ಟಿಸಿದ್ದು. ದೇವರೇ, ಅಷ್ಟಕ್ಕೆ ನಾನು ತಮ್ಮನನ್ನು ಕೊಟ್ಟುಬಿಟ್ಟೆನೇ, ಎಂದುಕೊಂಡ. ಕಾಲುಗಳು ತಾವಾಗಿಯೇ ವೆಂಡೆಲ್‌ನ ಮನೆಯ ಕಡೆ ತಿರುಗಿದವು.

ವೆಂಡೆಲ್‌ನ ಹೆಂಡತಿ ಓಲೀಟಾ ಜಗಲಿಯಲ್ಲಿ ಕೂತು ಅವರೆ ಸುಲಿಯುತ್ತಿದ್ದಳು. ತಲೆಯೆತ್ತಿ ನೋಡಿದಳು.

“ದಾರಿ ತಪ್ಪಿತಾ, ಎಮೆಟ್? ಆಟ ಆ ಕಡೆ.”

“ಗೊತ್ತು.”

ಅವನು ಮೆಟ್ಟಿಲಿನ ಮೇಲೆ ಕೂರಲು ಹೋದ.

“ಸ್ವಲ್ಪ ಪಕ್ಕಕ್ಕೆ ಕೂತ್ಕೋ,” ಎಂದಳು ಓಲೀಟಾ. “ಅದು ಅವನು ಕೂರ್ತಿದ್ದ ಜಾಗ. ಮೊದಲ ಆಟದ ದಿನ ಎದ್ದವನೇ ಗಡ್ಡ ಹೆರಕೊಂಡು, ಕೆಂಪಂಗಿ ತೊಟ್ಟು ಇಲ್ಲಿ ಕೂರ್ತಿದ್ದ. ಅಣ್ಣ ಕರೆಯೋಕೆ ಬರ್ತಾನೆ ಅಂತ. ಪ್ರತಿ ವರ್ಷ. ಆಟ ಶುರುವಾಯ್ತು ಅಂತ ಗೊತ್ತಾದ್ಮೇಲೆ ಒಳಗೆ ಬಂದು ರೇಡಿಯೋ ಹಾಕೋನು.”

ಎಮೆಟ್ ಪಕ್ಕಕ್ಕೆ ಸರಿದು ಕೂತ.

“ಆಟಕ್ಕೆ ಹೋಗಿ ಬಂದೋರನ್ನೆಲ್ಲ ಕೇಳೋನು, ನನ್ನ ಸೀಟಲ್ಲಿ ಯಾರಿದ್ರು ಅಂತ. ಯಾರೂ ಇಲ್ಲ, ಎಮೆಟ್ ಟೋಪಿ ಇಟ್ಟಿದ್ದ ಅಂತ ಅವರು. ‘ನೋಡ್ದ್ಯಾ ಓಲೀಟಾ, ನನಗೆ ಜಾಗ ಹಿಡ್ದಿದ್ದಾನೆ’ ಅಂತ ಇವನು. ಮಕ್ಕಳ ಥರ ಖುಷಿ ಪಡೋನು.”

ಸುಲಿದ ಕಾಳು ಒಂದೊಂದೇ ಬಟ್ಟಲಿಗೆ ಬೀಳುತ್ತಿತ್ತು. ದೂರದಲ್ಲಿ ಕಾಲೇಜಿನ ವಾದ್ಯದವರು ತಾಲೀಮು ಶುರುಮಾಡಿದರು. ಎಮೆಟ್ ಮುಖ ಒರೆಸಿಕೊಂಡ, ಮತ್ತೆ ಒರೆಸಿಕೊಂಡ.

“ಏಳಿತ್ತು, ಓಲೀಟಾ,” ಎಂದ ಕೊನೆಗೆ. “ಏಳೇ ಇತ್ತು. ನಾನು ಗೆದ್ದಿರ್ಲಿಲ್ಲ.”

“ಹ್ಞೂಂ,” ಎಂದಳು ಅವಳು. “ಅವನೂ ಹಂಗೇ ಹೇಳ್ತಿದ್ದ.”

ಎಮೆಟ್ ಜೇಬಿನಿಂದ ಟಿಕೆಟ್‌ಗಳನ್ನು ತೆಗೆದ. ಎರಡರಲ್ಲಿ ವೆಂಡೆಲ್‌ನ ಸೀಟಿನದನ್ನು ಬೇರೆ ಮಾಡಿ, ಮೂಲೆಯ ಮಡಿಕೆಯನ್ನು ಹೆಬ್ಬೆರಳಿನಿಂದ ನೇರಮಾಡಿ ಅವಳ ಮುಂದೆ ಹಿಡಿದ. ಓಲೀಟಾ ಸೊಂಟಕ್ಕೆ ಕಟ್ಟಿದ್ದ ಬಟ್ಟೆಗೆ ಎರಡೂ ಕೈ ಒರೆಸಿಕೊಂಡು ಅದನ್ನು ತೆಗೆದುಕೊಂಡಳು.