ಆರನೆಯ ಹಾಸಿಗೆಯ ಸಿಸಿಲಿಯಾ

ಅಜೆಕಾರು ಕಡೆಯ ಒಂದು ಸಣ್ಣ ಇಗರ್ಜಿಯ ಗಾಯನ ಮಂಡಳಿಗೆ ಸಿಸಿಲಿಯಾ ಇಪ್ಪತ್ತೆರಡು ವರ್ಷ ಮುಂದಾಳಾಗಿದ್ದಳು. ೧೯೭೯ರ ಜನವರಿಯಲ್ಲಿ, ಹಬ್ಬದ ಮುನ್ನಾದಿನ, ಬಣ್ಣದ ಕಾಗದದ ತೋರಣ ಕಟ್ಟಲು ಏಣಿ ಹತ್ತಿದವಳು ಏಣಿಯ ಸಮೇತ ಕೆಳಗೆ ಬಂದಳು. ತೊಡೆಯ ಎಲುಬು ಮುರಿಯಿತು.

ಮಣಿಪಾಲದ ಆಸ್ಪತ್ರೆಯಲ್ಲಿ ಅವಳ ಕಾಲನ್ನು ಎತ್ತಿ ಕಟ್ಟಿ, ಹಗ್ಗದ ತುದಿಗೆ ಭಾರ ತೂಗುಹಾಕಿದರು. ಹನ್ನೆರಡು ವಾರ ಹೀಗೇ ಮಲಗಿರಬೇಕು ಎಂದರು. ಗಂಡ ಪಾಸ್ಕಲನಿಗೆ ಗದ್ದೆಯೂ ಎರಡು ಹಸುಗಳೂ ಇದ್ದುದರಿಂದ ಅವನು ಬರುತ್ತಿದ್ದದ್ದು ಭಾನುವಾರ ಮಾತ್ರ. ಪೂಜೆ ಮುಗಿಸಿ, ಕಾರ್ಕಳದಲ್ಲಿ ಬಸ್ಸು ಬದಲಿಸಿ ಬಂದು, ಒಂದು ಗಂಟೆ ಕೂತು ಹೊರಡುತ್ತಿದ್ದ. ಉಳಿದ ಆರು ದಿನ ಅವಳಿಗೆ ತನ್ನವರೆಂದು ಯಾರೂ ಇರಲಿಲ್ಲ. ವಾರ್ಡಿನ ಇತರ ಹಾಸಿಗೆಗಳಲ್ಲಿ ಇದ್ದವರು ಶಿವಮೊಗ್ಗ, ಹಾವೇರಿ ಕಡೆಯವರು. ಕನ್ನಡ ಬರುತ್ತಿದ್ದರೂ ಸಿಸಿಲಿಯಾ ಅವರೊಂದಿಗೆ ಮಾತಾಡಲಿಲ್ಲ. ಗೋಡೆಯ ಕಡೆ ಮುಖ ತಿರುಗಿಸಿ ನಿದ್ದೆ ಬಂದವಳಂತೆ ಇರುತ್ತಿದ್ದಳು. ಜಪಸರ ಕೈಯಲ್ಲಿ ಹಿಡಿದರೂ ಮನಸ್ಸಿನಲ್ಲಿ ನಡೆಯುತ್ತಿದ್ದದ್ದು ಜಗಳ. "ನಾನು ನಿನ್ನ ಕೆಲಸವನ್ನೇ ಮಾಡ್ತಾ ಇದ್ದೆ ಅಲ್ವಾ? ಕಳ್ಳತನಕ್ಕೆ ಹತ್ತಿದ್ದಲ್ಲ, ತೋರಣ ಕಟ್ಟಲಿಕ್ಕೆ ಹತ್ತಿದ್ದು. ಇದು ಯಾವ ನ್ಯಾಯ?" ಎಂದು ಅವಳು ದೇವರನ್ನು ಕೇಳುತ್ತಿದ್ದಳು.

ಮೂರನೆಯ ವಾರದ ಮಂಗಳವಾರ ಬೆಳಿಗ್ಗೆ ಪಕ್ಕದ ಹಾಸಿಗೆಗೆ ಒಬ್ಬ ಬ್ಯಾರಿ ಮುದುಕಿಯನ್ನು ತಂದು ಮಲಗಿಸಿದರು. ಹೆಸರು ಆಸ್ಯಾ. ಹಿಂದಿನ ದಿನ ಉಡುಪಿಯಲ್ಲಿ ಬಸ್ಸು ಇಳಿಯುವಾಗ ಬಿದ್ದು ಕೈ ಮುರಿದುಕೊಂಡಿದ್ದಳು. ತುಟಿಗೂ ಹೊಲಿಗೆ ಬಿದ್ದಿತ್ತು. ಗಾಬರಿಯಲ್ಲಿ ಅವಳಿಗೆ ತುಳು ಮರೆತೇಹೋಗಿತ್ತು. ಊದಿದ ಬಾಯಿಯಿಂದ ಮನೆಮಾತು ಬ್ಯಾರಿ ಮಾತ್ರ, ಅದೂ ತೊದಲುತ್ತಾ, ಬರುತ್ತಿತ್ತು. ಸೊಂಟದ ಬೀಗದ ಕೈ ಹಿಡಿದುಕೊಂಡು ಅಳುತ್ತಾಳೆ, ಏಳಲು ನೋಡುತ್ತಾಳೆ, ಗಂಜಿ ಕೊಟ್ಟರೆ ತಳ್ಳುತ್ತಾಳೆ. ವಾರ್ಡಿನಲ್ಲಿ ಕಲಿಯುತ್ತಿದ್ದ ದೆಹಲಿಯ ಹುಡುಗಿ ಡಾಕ್ಟರ್ ಕಂಗಾಲಾಗಿ, ತಲೆಗೇನಾದರೂ ಪೆಟ್ಟಾಗಿದೆಯೇ ಎಂದು ಟಾರ್ಚ್ ಹಾಕಿ ಕಣ್ಣು ಪರೀಕ್ಷಿಸುತ್ತಿದ್ದಳು.

ಗೋಡೆಯ ಕಡೆ ತಿರುಗಿದ್ದ ಸಿಸಿಲಿಯಾಳಿಗೆ ನಗು ತಡೆಯಲಾಗಲಿಲ್ಲ. ಅವಳ ತವರು ಕಾಪು. ಅಲ್ಲಿ ಅವರ ಮನೆಗೆ ತಾಗಿಕೊಂಡೇ ಬ್ಯಾರಿಗಳ ಮನೆ ಇತ್ತು. ಮಾತು ಕಲಿಯುವ ವಯಸ್ಸಿನಲ್ಲಿ ಅವಳು ಎರಡೂ ಮನೆಗಳ ಮಾತನ್ನು ಕಲಿತಿದ್ದಳು. ಹಿಂದಿ ಕಲಿತದ್ದು ಆಮೇಲೆ. ಅಪ್ಪ ತೀರಿಕೊಂಡ ಮೇಲೆ ಬೊಂಬಾಯಿಯಲ್ಲಿ ಪರರ ಮನೆಯ ಮಕ್ಕಳನ್ನು ನೋಡಿಕೊಂಡು, ಯಾರಿಗೂ ಬೇಡವಾದವಳಂತೆ ಕಳೆದ ನಾಲ್ಕು ವರ್ಷಗಳಲ್ಲಿ.

"ಡಾಕ್ಟರಮ್ಮ," ಎಂದಳು ಹಿಂದಿಯಲ್ಲಿ, "ತಲೆ ಸರಿಯಾಗಿಯೇ ಉಂಟು. ಅವರ ಆಡು ಮನೆಯೊಳಗೆ ಉಂಟು."

"ಏನು?"

"ಆಡು. ತುಂಬಿದ ಗಬ್ಬ. ನಿನ್ನೆ ಬೆಳಿಗ್ಗೆ ಅದನ್ನು ಅಡುಗೆಕೋಣೆಯಲ್ಲಿ ಬಿಟ್ಟು, ಮನೆಗೆ ಬೀಗ ಹಾಕಿ ಪೇಟೆಗೆ ಬಂದದ್ದಂತೆ. ನೀರಿಲ್ಲ, ಸೊಪ್ಪಿಲ್ಲ. ನೋಡಲಿಕ್ಕೆ ಒಬ್ಬರೂ ಇಲ್ಲ."

ಆಮೇಲೆ ಮುದುಕಿಯ ಕಡೆ ತಿರುಗಿ ಬ್ಯಾರಿಯಲ್ಲೇ ಕೇಳಿದಳು, "ಆಸ್ಯಮ್ಮ, ನಿಮ್ಮ ಮನೆ ಎಲ್ಲಿ?"

ಆಸ್ಯಮ್ಮ ಅಳು ನಿಲ್ಲಿಸಿ ಕಣ್ಣರಳಿಸಿ ನೋಡಿದಳು. ಕಾಪು ಎಂದಳು. ಲೈಟ್‌ಹೌಸಿನ ದಾರಿಯಲ್ಲಿ.

ಕಾಪುವಿನಲ್ಲಿ ಸಿಸಿಲಿಯಾಳ ತಮ್ಮ ಅಲೆಕ್ಸ್ ಸೈಕಲ್ ಅಂಗಡಿ ಇಟ್ಟಿದ್ದ. ಅವಳು ಹೇಳಿದಂತೆ ದೆಹಲಿಯ ಹುಡುಗಿ ಬೀಗದ ಕೈಯನ್ನೂ, ಆಡಿನ ವಿಷಯ ಸಿಸಿಲಿಯಾ ಬರೆದುಕೊಟ್ಟ ಚೀಟಿಯನ್ನೂ ಒಂದು ಕವರಿನಲ್ಲಿ ಹಾಕಿ, ಮೇಲೆ ಅಲೆಕ್ಸನ ಹೆಸರು ಬರೆದು, ಬಿಳಿ ಕೋಟಿನಲ್ಲೇ ಓಡಿಹೋಗಿ ಕಾಪುವಿನ ಬಸ್ಸಿನ ಕಂಡಕ್ಟರನ ಕೈಗೆ ಕೊಟ್ಟು ಬಂದಳು.

ಸಂಜೆ ನಾಲ್ಕರ ಹೊತ್ತಿಗೆ ಅಲೆಕ್ಸ್ ತಾನೇ ಬಂದ. ವಾರ್ಡಿನ ಎಲ್ಲರೂ ಅವನ ಮುಖ ನೋಡಿದರು.

"ಎರಡು ಮರಿ!" ಎಂದ. "ತಾಯಿ, ಮರಿ ಎಲ್ಲ ಚೆನ್ನಾಗಿ ಉಂಟು. ನನ್ನ ಅಂಗಡಿಯ ಹಿಂದೆ ಕಟ್ಟಿದ್ದೇನೆ. ಆದರೆ ಆಸ್ಯಮ್ಮನ ಚಾಪೆ ಇಲ್ಲ."

"ಎಂತ ಆಯಿತು ಚಾಪೆಗೆ?" ಎಂದಳು ಸಿಸಿಲಿಯಾ.

"ಅರ್ಧ ತಿಂದಿದೆ. ಉಳಿದರ್ಧದ ಮೇಲೆ ಮರಿ ಹಾಕಿದೆ."

ಸಿಸಿಲಿಯಾ ಅದನ್ನು ಬ್ಯಾರಿಗೆ ತಿರುಗಿಸಿದಳು. ಆಸ್ಯಮ್ಮನಿಗೆ ನಕ್ಕರೆ ತುಟಿಯ ಹೊಲಿಗೆ ನೋವು, ನಗದಿರಲು ಸಾಧ್ಯವಿಲ್ಲ. ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ನಂತರ ಎರಡು ಬಟ್ಟಲು ಗಂಜಿ ಕುಡಿದಳು.

ಶುಕ್ರವಾರ ಅವಳ ಇಗರ್ಜಿಯ ಫಾದರ್ ಲೂಯಿಸ್ ಪರಮಪ್ರಸಾದ ತಂದರು. ಅದನ್ನು ಸ್ವೀಕರಿಸಿ ಸ್ವಲ್ಪ ಹೊತ್ತು ಕಣ್ಣು ಮುಚ್ಚಿದ್ದ ಸಿಸಿಲಿಯಾ ಕೇಳಿದಳು, "ಫಾದರ್, ಸತ್ಯ ಹೇಳಿ. ಒಂದು ಆಡಿಗೋಸ್ಕರ ದೇವರು ನನ್ನ ತೊಡೆ ಮುರಿದದ್ದಾ?"

ಫಾದರ್ ಜೋರಾಗಿ ನಕ್ಕರು. "ತೊಡೆ ಮುರಿದದ್ದು ಏಣಿ, ಸಿಸಿಲಿಯಾಬಾಯಿ. ಅದನ್ನು ಬದಲಾಯಿಸಬೇಕಿತ್ತು, ನಾನೇ ಮರೆತೆ. ದೇವರ ಮೇಲೆ ಹಾಕಬೇಡಿ."

"ಹಾಗಾದರೆ ದೇವರು ಮಾಡಿದ್ದು ಎಂತ?"

"ಇಷ್ಟು ಹಾಸಿಗೆಗಳಲ್ಲಿ ಆಸ್ಯಮ್ಮನಿಗೆ ನಿಮ್ಮ ಪಕ್ಕದ್ದೇ ಸಿಕ್ಕಿತು ಅಲ್ವಾ? ತೊಂಬತ್ತೊಂಬತ್ತು ಕುರಿ ಬಿಟ್ಟು ತಪ್ಪಿಹೋದ ಒಂದನ್ನು ಹುಡುಕಿ ಹೋಗುವವನಿಗೆ ಒಂದು ಆಡು ದೊಡ್ಡದಲ್ಲವಾ?"

ಹಿಂದಿ ಕಲಿಸಿದ ಬೊಂಬಾಯಿಯ ನಾಲ್ಕು ವರ್ಷಗಳನ್ನು ಸಿಸಿಲಿಯಾ ಯಾರೆದುರೂ ಹೇಳಿಕೊಂಡವಳಲ್ಲ. ಬದುಕಿನಿಂದ ಹರಿದು ಎಸೆದ ಹಾಳೆಗಳೆಂದುಕೊಂಡಿದ್ದಳು. ಅವನ್ನು ಯಾರೋ ಹೆಕ್ಕಿ ಜೋಪಾನವಾಗಿ ಇಟ್ಟುಕೊಂಡಿದ್ದಾರೆ ಎಂದು ಈಗ ಅನ್ನಿಸಿತು. ಆ ದಿನ ಜಪಸರ ಹಿಡಿದಾಗ ಜಗಳ ಬರಲಿಲ್ಲ. ಹೇಳಲಿಕ್ಕೆ ಹೆಸರುಗಳು ಬಂದವು: ಆಸ್ಯಮ್ಮ, ಹಾವೇರಿಯ ಹೆಂಗಸು, ದೆಹಲಿಯ ಹುಡುಗಿ.

ಅಲ್ಲಿಂದ ಮುಂದೆ ಯಾರದಾದರೂ ಮಾತು ತಿಳಿಯದಿದ್ದರೆ ನರ್ಸುಗಳು ಆರನೆಯ ಹಾಸಿಗೆಗೆ ಬರುತ್ತಿದ್ದರು. ದೆಹಲಿಯ ಹುಡುಗಿಗೆ ಅವಳು ದಿನಕ್ಕೆ ಎರಡು ಮಾತು ತುಳು ಕಲಿಸಿದಳು. ಮೊದಲ ಪಾಠ "ಓಲು ಬೇನೆ?", ಎಂದರೆ ಎಲ್ಲಿ ನೋವು? ಹುಡುಗಿ ಉತ್ಸಾಹದಿಂದ ನೇರವಾಗಿ ಹಾವೇರಿಯ ಹೆಂಗಸಿನ ಬಳಿಗೆ ಹೋಗಿ "ಓಲು? ಓಲು?" ಎಂದು ಕೇಳಿದಳು. ಆ ಹೆಂಗಸು ಗಾಬರಿಯಿಂದ ಎರಡೂ ಕಿವಿ ಮುಚ್ಚಿಕೊಂಡಳು.

"ಓಲೆ ಬಿಚ್ಚಂಗಿಲ್ಲರೀ ಡಾಕ್ಟರ್ರ! ನಮ್ಮವ್ವ ಕೊಟ್ಟಿದ್ದು!"

ವಾರ್ಡೆಲ್ಲ ನಕ್ಕಿತು. ಸಿಸಿಲಿಯಾ ನಕ್ಕ ರಭಸಕ್ಕೆ ಕಾಲಿನ ಭಾರ ತೂಗಾಡಿತು. ನರ್ಸು ಬಂದು ಗದರಿಸಿ ಅದನ್ನು ನಿಲ್ಲಿಸಿದಳು.

ಏಪ್ರಿಲ್ ಮಧ್ಯದಲ್ಲಿ ಕಾಲಿನ ಕಟ್ಟು ಬಿಚ್ಚಿದರು. ಕೈ ತೋರಿಸಲು ಬಂದಿದ್ದ ಆಸ್ಯಮ್ಮನೂ ಅವಳನ್ನು ನೋಡಲು ವಾರ್ಡಿಗೆ ಬಂದಿದ್ದಳು. ಪಾಸ್ಕಲ್ ಒಂದು ಕಡೆ, ದೆಹಲಿಯ ಹುಡುಗಿ ಇನ್ನೊಂದು ಕಡೆ ಹಿಡಿದು ಸಿಸಿಲಿಯಾಳನ್ನು ನಿಲ್ಲಿಸಿದರು. ಅವಳು ಊರುಗೋಲು ಮುಂದಿಟ್ಟಳು. "ಜಾಗ್ರತೆ!" ಎಂದು ಕೊಂಕಣಿಯಲ್ಲಿ ಗಂಡ, ಹಿಂದಿಯಲ್ಲಿ ಹುಡುಗಿ, ಬ್ಯಾರಿಯಲ್ಲಿ ಆಸ್ಯಮ್ಮ, ತುಳುವಿನಲ್ಲಿ ಆಯಾ, ಹಾವೇರಿಯ ಕನ್ನಡದಲ್ಲಿ ಕಿವಿಯೋಲೆಯ ಹೆಂಗಸು, ಎಲ್ಲರೂ ಒಮ್ಮೆಲೇ ಕೂಗಿದರು.

"ಅಯ್ಯೋ ಮಾರಾಯ್ರೇ, ಒಬ್ಬೊಬ್ಬರಾಗಿ ಹೇಳಿ!" ಎಂದಳು ಸಿಸಿಲಿಯಾ. ಹೇಳಿ, ಬಾಗಿಲಿನವರೆಗೆ ನಡೆದಳು.