ಗದ್ದೆಯಲ್ಲಿ ಹೂತ ಕಡುಬು

ಅಮ್ಮನಿಗೆ ಸುಳ್ಳು ಹೇಳಿಯೇ ನಾನು ಆ ಟ್ರೆಕ್ಕಿಂಗಿಗೆ ಹೊರಟಿದ್ದು. "ಭೂಮಿ ಹುಣ್ಣಿಮೆಗೆ ಬರಲ್ವೇನೇ ಸ್ವಾತಿ?" ಎಂದು ಫೋನಿನಲ್ಲಿ ಕೇಳಿದಾಗ ಪೇಪರ್ ತಿದ್ದುವುದಿದೆ ಎಂದೆ. ಇತ್ತು, ಮುಂದಿನ ವಾರ.

ತೀರ್ಥಹಳ್ಳಿಯ ಕಾಲೇಜೊಂದರಲ್ಲಿ ಕೆಮಿಸ್ಟ್ರಿ ಪಾಠ ಮಾಡಲು ಸೇರಿ ನಾಲ್ಕು ತಿಂಗಳಾಗಿತ್ತು. ಸ್ಟಾಫ್ ರೂಮಿನಲ್ಲಿ ನನ್ನನ್ನು ಕರೆದು ಮಾತಾಡಿಸುತ್ತಿದ್ದವರು ಇಬ್ಬರೇ, ಇಂಗ್ಲಿಷಿನ ಕೃಷ್ಣಕುಮಾರ್ ಮತ್ತು ಗಣಿತದ ಶ್ಯಾಮಲಾ. ಇಬ್ಬರೂ ಮೈಸೂರಿನವರು, ರಜೆ ಸಿಕ್ಕಿದರೆ ಗುಡ್ಡ ಹತ್ತುವವರು. ನಿಮ್ಮ ತಂದೆ ಏನು ಮಾಡುತ್ತಾರೆ ಎಂದು ಅವರು ಕೇಳಿದ ದಿನ ನಾನು "ಬಿಸಿನೆಸ್" ಎಂದಿದ್ದೆ. ನನ್ನಪ್ಪ ಹೊಸನಗರ ತಾಲ್ಲೂಕಿನಲ್ಲಿ ಎರಡು ಎಕರೆ ಗದ್ದೆ ಮಾಡುತ್ತಾನೆ. ಅದರಲ್ಲಿ ಮುಚ್ಚಿಡುವಂಥದ್ದು ಏನಿತ್ತೋ, ನನ್ನ ತಲೆ!

ಗುಡ್ಡ ಇಳಿದು ಹಿನ್ನೀರಿನ ದಂಡೆ ಮುಟ್ಟುವಾಗ ಸಂಜೆಯಾಗಿತ್ತು. ನೀರಿಗೂ ಕಾಡಿಗೂ ನಡುವೆ ಒಂದು ತುಂಡು ಗದ್ದೆ, ಅದರ ಪಕ್ಕ ಹುಲ್ಲಿನ ಜಾಗ. ಟೆಂಟ್ ಹಾಕಲು ಅಪ್ಪಣೆ ಕೇಳಿದಾಗ ಗದ್ದೆಯ ಯಜಮಾನ ಬೆಳ್ಳಪ್ಪ ಸಂತೋಷದಿಂದ ಒಪ್ಪಿದ. ಅಪ್ಪನ ವಯಸ್ಸಿನವನು.

"ಹುಲ್ಲಿನ ಮೇಲೆ ಎಲ್ಲಾದ್ರೂ ಹಾಕ್ಕಳಿ. ಗದ್ದೆ ಒಳಗೆ ಮಾತ್ರ ಕಾಲಿಡ್ಬ್ಯಾಡಿ, ಪೈರು ಬಸುರಿ," ಎಂದ. ಆಮೇಲೆ ನನ್ನ ಕಡೆ ನೋಡಿ, "ನಿಂದು ಯಾವೂರಾತು ತಂಗಿ?" ಎಂದು ಕೇಳಿದ.

"ತೀರ್ಥಹಳ್ಳಿ."

"ಮೂಲ?"

"ಪೇಟೇನೇ," ಎಂದೆ. ಕೃಷ್ಣಕುಮಾರ್ ಅಲ್ಲೇ ನಿಂತಿದ್ದರಲ್ಲ.

ಬೆಳಕು ಹರಿಯುವ ಮೊದಲು ಎಚ್ಚರವಾದದ್ದು ಒಂದು ಕೂಗಿಗೆ. ಬೆಳ್ಳಪ್ಪ ಸೊಪ್ಪು ಬೆರೆಸಿದ ಅನ್ನವನ್ನು ಗದ್ದೆಯ ಸುತ್ತ ಬೀರುತ್ತ ಭೂಮಿತಾಯಿಯನ್ನು ಊಟಕ್ಕೆ ಕರೆಯುತ್ತಿದ್ದ. ಹಿಂದೆ ಅವನ ಹೆಂಡತಿ ಕೆರಿಯಮ್ಮ, ತಲೆಯ ಮೇಲೆ ಚಿತ್ತಾರ ಬರೆದ ಬುಟ್ಟಿ. ಅದೇ ಹೊತ್ತಿಗೆ ನನ್ನಪ್ಪನೂ ನಮ್ಮ ಗದ್ದೆಯಲ್ಲಿ ಹೀಗೇ ಕೂಗುತ್ತಿದ್ದ. ಆ ಕೂಗು ನನಗೆ ಬಾಯಿಪಾಠ. ಶ್ಯಾಮಲಾ ಟೆಂಟಿನೊಳಗಿಂದಲೇ ಅದನ್ನು ಅಣಕಿಸಿದಳು. ನಾನೂ ನಕ್ಕೆ, ಅವಳಿಗಿಂತ ಜೋರಾಗಿ.

ಪೂಜೆ ಮುಗಿಸಿ ಗಂಡ ಹೆಂಡತಿ ಮನೆಗೆ ಹೋದ ಮೇಲೆ ನಾವು ನೋಡಲು ಹೋದೆವು. ಗದ್ದೆಯ ಮೂಲೆಯಲ್ಲಿ ಹೂವು, ಅರಿಶಿನ, ಹಸಿಮಣ್ಣಿನ ಗುಪ್ಪೆ. ಕೃಷ್ಣಕುಮಾರ್ ಕೋಲಿನಿಂದ ಕೆದಕಿದರು. ಹಲಸಿನ ಎಲೆಗೆ ಕಡ್ಡಿ ಚುಚ್ಚಿ ಮಾಡಿದ ಕೊಟ್ಟೆಯಲ್ಲಿ ಬೇಯಿಸಿದ ಕಡುಬು ಮೇಲೆ ಬಂತು.

"ಏನ್ರೀ ಇದು, ಮಾಟಾನಾ? ನೀವು ಈ ಕಡೆಯವರು, ನಿಮಗೆ ಗೊತ್ತಿರಬೇಕು."

ಗೊತ್ತಿತ್ತು. ಬಸುರಿ ಭೂಮಿಗೆ ಬಯಕೆಯ ಊಟ ಅದು. ಕೊಯ್ಲಿನ ದಿನ ಅದನ್ನು ತೆಗೆದು ಚೂರು ಚೂರು ಮಾಡಿ ಮನೆಮಂದಿಗೆಲ್ಲ ಹಂಚುತ್ತಾರೆ. ಚಿಕ್ಕವಳಿದ್ದಾಗ ದೊಡ್ಡ ಚೂರಿಗಾಗಿ ತಮ್ಮನ ಜೊತೆ ಜಗಳಾಡಿದವಳು ನಾನು.

"ಏನೋ ಹಳ್ಳಿಯವರ ನಂಬಿಕೆ," ಎಂದೆ.

"ತಿಂದರೆ ರಕ್ತ ಕಾರಿಕೊಳ್ತೀವಾ?" ಎಂದಳು ಶ್ಯಾಮಲಾ.

"ಏನೂ ಆಗಲ್ಲ," ಎಂದು ಎಲೆ ಬಿಚ್ಚಿ ನಾನೇ ಮೊದಲು ತಿಂದೆ. ಯಾರೂ ಒತ್ತಾಯ ಮಾಡಿರಲಿಲ್ಲ. ಅವರಿಬ್ಬರೂ ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆ ನನಗೆ ಹಿತವಾಗಿತ್ತು ಎನ್ನುವುದನ್ನು ಇಂದಿಗೂ ನಾಚದೆ ನೆನೆಯಲಾರೆ.

ಬಿಸಿಲೇರುವಾಗ ಗಂಡ ಹೆಂಡತಿ ಮತ್ತೆ ಬಂದರು. ಹಬ್ಬದ ದಿನ ಗದ್ದೆಯ ಪಕ್ಕ ಇದ್ದವರು ಉಪವಾಸ ಇರಬಾರದೆಂದು ನಮಗೇ ಅಡುಗೆ ಹೊತ್ತು ತಂದಿದ್ದರು. ಕೆರಿಯಮ್ಮ ಬುಟ್ಟಿ ಇಳಿಸಿದವಳೇ ಮೂಲೆಯ ಕಡೆ ನೋಡಿದಳು.

"ಅಯ್ಯೋ, ಹಂದಿ ಬಗೆದು ಹಾಕೈತಲ್ಲ!"

ಜೊತೆಯವರಿಬ್ಬರೂ ನನ್ನ ಮುಖ ನೋಡಿದರು. ನಿಜ ಹೇಳಲು ಅದಕ್ಕಿಂತ ಒಳ್ಳೆಯ ಹೊತ್ತು ಸಿಗುತ್ತಿರಲಿಲ್ಲ.

"ಹೌದು, ಆಗ್ಲೇ ಹಂದಿ ಸದ್ದು ಕೇಳ್ತು," ಎಂದೆ. ಸರಾಗವಾಗಿ ಬಂತು ಮಾತು.

"ಹೋಗ್ಲಿ ಬಿಡು. ಅದೂ ಗಬ್ಬದ ಹಂದಿ ಇದ್ದೀತು, ತಿನ್ಲಿ," ಎಂದು ಕೆರಿಯಮ್ಮ ಬಾಳೆಲೆ ಹಾಸಿದಳು. ನನಗೇ ಮೊದಲು ಬಡಿಸಿದಳು.

ಬೆಳ್ಳಪ್ಪ ಮಾತ್ರ ಆ ಮೂಲೆಗೆ ಹೋಗಿ ಬಗ್ಗಿ ಏನನ್ನೋ ಹೆಕ್ಕಿಕೊಂಡ. ಊಟವಾದ ಮೇಲೆ, "ಕೈ ತೊಳ್ಯಾಕೆ ಬಾ ತಂಗಿ," ಎಂದು ನನ್ನೊಬ್ಬಳನ್ನೇ ನೀರಿನ ಬಳಿಗೆ ಕರೆದುಕೊಂಡು ಹೋದ. ಅಂಗೈ ಬಿಡಿಸಿದ. ಹಲಸಿನ ಎಲೆ ನಾಲ್ಕು ಮಡಿಕೆಯಾಗಿತ್ತು. ಕೊಟ್ಟೆಗೆ ಚುಚ್ಚಿದ್ದ ಕಡ್ಡಿಗಳೆಲ್ಲ ಆ ಮಡಿಕೆಯೊಳಗೆ ಸಿಕ್ಕಿಸಿದ್ದವು.

"ಪೇಟೆಯವ್ರು ಎಲೆ ಹರಿದು ಬಿಸಾಕ್ತಾರೆ. ಗದ್ದೇಲಿ ಬರಿಗಾಲಿಗೆ ಕಡ್ಡಿ ಚುಚ್ತದೆ ಅಂತ ಹಿಂಗೆ ಸಿಕ್ಸಿ ಇಡೋರು ನಮ್ ಮನೆಗಳೋರು ಮಾತ್ರ."

ಅಮ್ಮ ಚಿಕ್ಕಂದಿನಲ್ಲಿ ಕಲಿಸಿದ್ದು ಅದು. ಮಾಡಿದ್ದೇ ನನಗೆ ಗೊತ್ತಾಗಿರಲಿಲ್ಲ. ಮುಖ ಎಲ್ಲಿಡಬೇಕೆಂದು ತಿಳಿಯಲಿಲ್ಲ. ಅವನು ಬೈದಿದ್ದರೆ ಎಷ್ಟೋ ವಾಸಿಯಿತ್ತು.

"ತಪ್ಪಾಯ್ತು ದೊಡ್ಡಪ್ಪ. ಪೇಟೆ ಅಂದಿದ್ದೂ ಸುಳ್ಳು, ಹಂದಿ ಅಂದಿದ್ದೂ ಸುಳ್ಳು. ನಮ್ಮನೆ ಈ ಗುಡ್ಡದ ಆಚೆಗೇ ಇರೋದು. ನಮ್ಮಪ್ಪನ ಹೆಸರು..."

ಬೆಳ್ಳಪ್ಪ ಗಾಬರಿಯಿಂದ ಕೈ ಅಡ್ಡ ಹಿಡಿದ.

"ಬ್ಯಾಡ ಮಗಾ, ಹೆಸ್ರು ಹೇಳ್ಬ್ಯಾಡ. ಗುಡ್ಡದಾಚೆ ಅಂದ್ರೆ ಗುರ್ತಿನವ್ರೇ ಆಗಿರ್ತಾರೆ. ನಾಳೆ ಎಲ್ಲಾದ್ರೂ ಎದುರು ಸಿಕ್ರೆ ನಾನು ಅವ್ರ ಮುಖ ಹ್ಯಾಂಗೆ ನೋಡ್ಲಿ?"